ಗೆರೆ ಬಾಗಿದರೆ ಲೆನ್ಸ್ ಕೆಟ್ಟಿದೆಯೇ? ಜೂಮ್ ಲೆನ್ಸ್ ಬಗ್ಗೆ ಓದುಗರ ಪ್ರಶ್ನೆಗಳು

18-55, 24-70, 24-105ರಂಥ ಸಾಮಾನ್ಯ ಜೂಮ್ ಲೆನ್ಸ್‌ಗಳಲ್ಲಿ ಗೋಡೆ, ಕಂಬ, ದಿಗಂತ ಬಾಗಿ ಕಾಣುವುದರ ಕುರಿತ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಈ ಅಂಕಿಗಳು ಮಿ.ಮೀ. ಲೆಕ್ಕದ ಫೋಕಲ್ ಲೆಂತ್, ಅಂಕಿ ಚಿಕ್ಕದಾದಷ್ಟೂ ನೋಟ ಅಗಲ. ಬಾಗುವುದು, ವಾಲುವುದು, ಹಿಗ್ಗುವುದು ಈ ಮೂರೂ ಬೇರೆ ಬೇರೆ. ಮೂರಕ್ಕೂ ಒಂದೇ ಮದ್ದು ಹುಡುಕುವುದರಿಂದಲೇ ಅರ್ಧ ತೊಂದರೆ ಹುಟ್ಟುತ್ತದೆ.

ಪ್ರಶ್ನೆ: ಹೊಸ ಕ್ಯಾಮೆರಾ ಜೊತೆ 18-55 ಕಿಟ್ ಲೆನ್ಸ್ ಬಂದಿದೆ. 18ರಲ್ಲಿ ತೆಗೆದರೆ ಬಾಗಿಲ ಚೌಕಟ್ಟು ಹೊರಕ್ಕೆ ಉಬ್ಬುತ್ತದೆ, 55ರಲ್ಲಿ ಸ್ವಲ್ಪ ಒಳಕ್ಕೆ ಬಾಗುತ್ತದೆ. ಅಪರ್ಚರ್ (ಬೆಳಕು ಹಾಯುವ ಕಿಂಡಿ) ಎಫ್ 11ಕ್ಕೆ ಇಳಿಸಿದರೂ ಹೋಗಲಿಲ್ಲ. ಲೆನ್ಸ್ ಬದಲಿಸಿಕೊಡಿ ಎಂದು ಅಂಗಡಿಯಲ್ಲಿ ಕೇಳಬಹುದೇ?
— ಹಾಸನದ ಓದುಗರು

ಉತ್ತರ: ಕೇಳಬೇಕಾಗಿಲ್ಲ, ನಿಮ್ಮ ಲೆನ್ಸ್ ಸರಿಯಾಗಿಯೇ ಇದೆ. ಹೊರಕ್ಕೆ ಉಬ್ಬುವುದು ಬ್ಯಾರಲ್ ಡಿಸ್ಟಾರ್ಷನ್, ಒಳಕ್ಕೆ ಬಾಗುವುದು ಪಿನ್‌ಕುಷನ್ ಡಿಸ್ಟಾರ್ಷನ್. ಸಾಮಾನ್ಯ ಜೂಮ್‌ಗಳಲ್ಲಿ ಅಗಲದ ತುದಿಯಲ್ಲಿ ಮೊದಲನೆಯದು, ಉದ್ದದ ತುದಿಯಲ್ಲಿ ಎರಡನೆಯದು ಕಾಣುವುದೇ ವಾಡಿಕೆ.

ಚಿತ್ರದ ನಡುವೆ ಎಷ್ಟು ಹಿಗ್ಗಿಸುತ್ತದೋ ಅಂಚಿನಲ್ಲೂ ಲೆನ್ಸ್ ಅಷ್ಟೇ ಹಿಗ್ಗಿಸಿದರೆ ನೇರ ಗೆರೆ ನೇರವಾಗಿಯೇ ಉಳಿಯುತ್ತದೆ. ಅಂಚಿನಲ್ಲಿ ಕಡಿಮೆ ಹಿಗ್ಗಿಸಿದರೆ ಬ್ಯಾರಲ್, ಹೆಚ್ಚು ಹಿಗ್ಗಿಸಿದರೆ ಪಿನ್‌ಕುಷನ್. ಈ ವ್ಯತ್ಯಾಸ ಹುಟ್ಟುವುದು ಅಪರ್ಚರ್ ಎಲ್ಲಿ ಕೂತಿದೆ ಎಂಬುದರಿಂದ. ಮೂಲೆಗೆ ಹೋಗುವ ಬೆಳಕು ಅಪರ್ಚರ್‌ನ ನಡುವೆ ಹಾಯಬೇಕಾದರೆ, ಅದರಿಂದ ದೂರವಿರುವ ಗಾಜುಗಳ ಅಂಚಿನ ಭಾಗದಲ್ಲಿ ಹಾದುಬರಲೇಬೇಕು. ಗಾಜಿನ ಅಂಚು ಬೆಳಕನ್ನು ನಡುಭಾಗಕ್ಕಿಂತ ಹೆಚ್ಚು ತಿರುಗಿಸುತ್ತದೆ. ಅಪರ್ಚರ್‌ಗಿಂತ ಮುಂದೆ ನಿಮ್ನ ಮಸೂರಗಳ ಗುಂಪಿದ್ದರೆ ಚಿತ್ರ ಬ್ಯಾರಲ್ ಕಡೆಗೂ, ಪೀನ ಮಸೂರಗಳ ಗುಂಪಿದ್ದರೆ ಪಿನ್‌ಕುಷನ್ ಕಡೆಗೂ ಜಗ್ಗುತ್ತದೆ. ಕನ್ನಡಿಯಿರುವ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ 18 ಮಿ.ಮೀ. ಲೆನ್ಸ್ ಸೆನ್ಸರ್‌ಗೆ ಅಷ್ಟು ಹತ್ತಿರ ಕೂರಲಾಗದು. ಹಾಗಾಗಿ ಮುಂದೆ ದೊಡ್ಡ ನಿಮ್ನ ಗುಂಪು ಇಡಲೇಬೇಕಾಗುತ್ತದೆ, ಅದರ ಬೆನ್ನಿಗೇ ಬ್ಯಾರಲ್ ಬರುತ್ತದೆ. ಜೂಮ್ ತಿರುಗಿಸಿದಾಗ ಗುಂಪುಗಳು ಹಿಂದೆ ಮುಂದೆ ಸರಿದು ಈ ಲೆಕ್ಕವೂ ಬದಲಾಗುತ್ತದೆ. ಹೀಗೆ ಬ್ಯಾರಲ್‌ನಿಂದ ಪಿನ್‌ಕುಷನ್‌ಗೆ ಹೋಗುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಗೆರೆ ಹೆಚ್ಚುಕಡಿಮೆ ನೇರವಾಗಿರುತ್ತದೆ. ಬಹುಪಾಲು 18-55ಗಳಲ್ಲಿ ಅದು 24ರಿಂದ 30ರ ನಡುವೆ, ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾಗಳ 24-70ಗಳಲ್ಲಿ 30ರಿಂದ 40ರ ನಡುವೆ ಸಿಗುತ್ತದೆ. ನಿಮ್ಮ ಲೆನ್ಸಿನ ಈ ಜಾಗ ನಿಮಗೆ ಗೊತ್ತಿರಬೇಕು. ಕಟ್ಟಡ ತೆಗೆಯುವವರಿಗೆ ದುಬಾರಿ ಲೆನ್ಸಿಗಿಂತ ಹೆಚ್ಚು ಕೆಲಸಕ್ಕೆ ಬರುವ ಮಾಹಿತಿ ಅದೇ.

ಇನ್ನು ಎಫ್ 11ರ ಮಾತು. ಜರ್ಮನಿಯ ಸೈಡೆಲ್ 1857ರಲ್ಲಿ ಮಸೂರದ ಐದು ಮೂಲ ದೋಷಗಳನ್ನು ಗಣಿತದಲ್ಲಿ ಬಿಡಿಸಿಟ್ಟರು. ಅವುಗಳಲ್ಲಿ ನಾಲ್ಕು ಚಿತ್ರವನ್ನು ಮಸುಕು ಮಾಡುತ್ತವೆ. ಡಿಸ್ಟಾರ್ಷನ್ ಮಾತ್ರ ಮಸುಕು ಮಾಡದೆ, ಬಿಂದುವನ್ನು ಅದರ ಜಾಗದಿಂದ ಸರಿಸುತ್ತದೆ. ಅಪರ್ಚರ್ ಕಿರಿದಾದರೂ ಅದರ ನಡುವೆ ಹಾಯುವ ಕಿರಣದ ದಾರಿ ಬದಲಾಗುವುದಿಲ್ಲ, ಬಿಂದು ಬೀಳುವ ಜಾಗವೂ ಬದಲಾಗುವುದಿಲ್ಲ. ಮೂಲೆಯ ಮಸುಕು, ಮೂಲೆಯ ಕತ್ತಲೆ ಎಫ್ 8ರಲ್ಲಿ ಕಡಿಮೆಯಾಗುತ್ತವೆ. ಬಾಗು ಎಫ್ 22ರಲ್ಲೂ ಅಷ್ಟೇ ಇರುತ್ತದೆ.

ಪ್ರಶ್ನೆ: ನಮ್ಮ ಲೆನ್ಸ್ ಎಲ್ಲಿ ಎಷ್ಟು ಬಾಗುತ್ತದೆ ಎಂದು ಮನೆಯಲ್ಲೇ ಅಳೆಯಲು ಸಾಧ್ಯವೇ? ಇಟ್ಟಿಗೆ ಗೋಡೆ ತೆಗೆದು ನೋಡಿದೆ, ಒಂದೊಂದು ಸಲ ಒಂದೊಂದು ಥರ ಕಾಣುತ್ತದೆ.
— ಮೈಸೂರಿನ ಎಂಜಿನಿಯರಿಂಗ್ ವಿದ್ಯಾರ್ಥಿ

ಉತ್ತರ: ಇಟ್ಟಿಗೆ ಸಾಲೂ ಟೈಲ್ಸ್ ಸಾಲೂ ನಾವು ಅಂದುಕೊಂಡಷ್ಟು ನೇರವಾಗಿರುವುದಿಲ್ಲ. ಗಾರೆ ಕೆಲಸದವರ ತೂಗುಗುಂಡು ತನ್ನಿ. ತೂಕ ಕಟ್ಟಿ ಇಳಿಬಿಟ್ಟ ದಾರಕ್ಕಿಂತ ನೇರವಾದ ಗೆರೆ ಮನೆಯಲ್ಲಿ ಇನ್ನೊಂದಿಲ್ಲ. ಅಮೆರಿಕದ ಡ್ಯೂಯೇನ್ ಬ್ರೌನ್ 1971ರಲ್ಲಿ ಅಳತೆಯ ಕ್ಯಾಮೆರಾಗಳ ಡಿಸ್ಟಾರ್ಷನ್ ಕಂಡುಹಿಡಿಯಲು ವಿವರಿಸಿದ ವಿಧಾನವೂ ಇಳಿಬಿಟ್ಟ ದಾರಗಳದ್ದೇ. ಇದರಲ್ಲಿ ಇನ್ನೊಂದು ಅನುಕೂಲವಿದೆ. ಕ್ಯಾಮೆರಾ ಸ್ವಲ್ಪ ಓರೆಯಾದರೆ ನೇರ ಗೆರೆ ಓರೆಯಾಗುತ್ತದೆಯೇ ಹೊರತು ಬಾಗುವುದಿಲ್ಲ. ಆದ್ದರಿಂದ ಗೋಡೆಗೂ ಸೆನ್ಸರ್‌ಗೂ ಸಮಾಂತರ ಕೂಡಿಸುವ ತಲೆನೋವಿಲ್ಲ. ನಿಮ್ಮ ಇಟ್ಟಿಗೆ ಪರೀಕ್ಷೆ ಸಲಕ್ಕೊಂದು ಥರ ಬಂದದ್ದೂ ಈ ಸಮಾಂತರ ತಪ್ಪಿಯೇ.

ಸುಮಾರು 3 ಮೀಟರ್ ಕಪ್ಪು ದಾರ ಸಾಕು. ಬಿಳಿ ಗೋಡೆಯ ಮುಂದೆ, ಗೋಡೆಗೆ ತಾಗದಂತೆ ಇಳಿಬಿಡಿ. ಗುಂಡನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿದರೆ ದಾರ ಓಲಾಡುವುದು ನಿಲ್ಲುತ್ತದೆ. ಫ್ಯಾನ್ ಆರಿಸಿ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ನಿಲುವಾಗಿ ತಿರುಗಿಸಿ, ದಾರ ಚಿತ್ರದ ಉದ್ದನೆಯ ಅಂಚಿನ ಪಕ್ಕದಲ್ಲೇ ಬರುವಂತೆ ನಿಲ್ಲಿಸಿ. ಅಂಚಿನಿಂದ ಚಿತ್ರದ ಅಗಲದ 20ನೇ ಒಂದು ಭಾಗದೊಳಗೆ ಇರಬೇಕು. ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ 18 ಮಿ.ಮೀ.ಗೆ 2 ಮೀಟರ್ ದೂರದಿಂದ ಸುಮಾರು 2.6 ಮೀಟರ್ ಎತ್ತರ ಹಿಡಿಯುತ್ತದೆ. ಜೂಮ್ ಹೆಚ್ಚಿಸಿದಾಗ ಅಷ್ಟೇ ಎತ್ತರ ಬೇಕಿಲ್ಲ, ದಾರ ಅಂಚಿನಿಂದ ಅಂಚಿಗೆ ಹಾದರೆ ಸಾಕು. ಆದರೆ ಫೋಕಸ್ ದೂರ ಬದಲಾದರೆ ಡಿಸ್ಟಾರ್ಷನ್ ಕೂಡ ಬದಲಾಗುವುದರಿಂದ ಎಲ್ಲವನ್ನೂ ಒಂದೇ ದೂರದಿಂದ ತೆಗೆಯಿರಿ.

ಕ್ಯಾಮೆರಾದೊಳಗಿನ ತಿದ್ದುಪಡಿ ಮೊದಲು ಆಫ್ ಆಗಬೇಕು. ಕ್ಯಾನನ್‌ನಲ್ಲಿ ಅದು ಲೆನ್ಸ್ ಅಬರೇಷನ್ ಕರೆಕ್ಷನ್ ಮೆನುವಿನೊಳಗೆ, ನಿಕಾನ್‌ನಲ್ಲಿ ಆಟೋ ಡಿಸ್ಟಾರ್ಷನ್ ಕಂಟ್ರೋಲ್ ಹೆಸರಿನಲ್ಲಿ, ಸೋನಿಯಲ್ಲಿ ಲೆನ್ಸ್ ಕಾಂಪೆನ್ಸೇಷನ್‌ನಲ್ಲಿ ಸಿಗುತ್ತದೆ. ಕೆಲವು ಹೊಸ ಲೆನ್ಸ್‌ಗಳಿಗೆ ಈ ಆಯ್ಕೆ ಆಫ್ ಆಗುವುದೇ ಇಲ್ಲ. ಅಂಥಲ್ಲಿ ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ಇಟ್ಟುಕೊಂಡು, ಲೆನ್ಸ್ ತಿದ್ದುಪಡಿ ನಿಲ್ಲಿಸಲು ಬಿಡುವ ರಾ-ಥೆರಪಿ ಅಥವಾ ಡಾರ್ಕ್‌ಟೇಬಲ್‌ನಲ್ಲಿ ತೆರೆಯಿರಿ, ಎರಡೂ ಉಚಿತ. ಎಫ್ 8, ಐಎಸ್ಒ 100ರಿಂದ 400, 2 ಸೆಕೆಂಡ್ ಟೈಮರ್, ಸ್ಟೆಬಿಲೈಸೇಷನ್ ಆಫ್. 18, 24, 28, 35, 45, 55ರಲ್ಲಿ ಒಂದೊಂದು ಚಿತ್ರ ತೆಗೆಯಿರಿ. ರಿಂಗಿನ ಮೇಲಿನ ಅಂಕಿಗಿಂತ ಫೈಲಿನೊಳಗೆ ದಾಖಲಾದ ಫೋಕಲ್ ಲೆಂತನ್ನು ನಂಬಿ.

ಅಳತೆಗೆ ಗಿಂಪ್ ಎಂಬ ಉಚಿತ ಚಿತ್ರ ತಂತ್ರಾಂಶ ಸಾಕು. ದಾರದ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಒಂದು ನೇರ ಗೆರೆ ಎಳೆಯಿರಿ. ಚಿತ್ರದ ಮಧ್ಯದಲ್ಲಿ ಆ ಗೆರೆಗೂ ದಾರಕ್ಕೂ ಎಷ್ಟು ಪಿಕ್ಸೆಲ್ ಅಂತರವಿದೆ ನೋಡಿ, ಚಿತ್ರದ ಗಿಡ್ಡ ಬದಿಯ ಪಿಕ್ಸೆಲ್‌ಗಳಿಂದ ಭಾಗಿಸಿ. 6000×4000 ಚಿತ್ರದಲ್ಲಿ ಅಂತರ 60 ಪಿಕ್ಸೆಲ್ ಇದ್ದರೆ ಶೇ 1.5. ಶೇ 0.5ರೊಳಗಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಶೇ 1 ದಾಟಿದರೆ ಅಂಚಿನ ಕಂಬ ಬಾಗಿದ್ದು ತಿಳಿಯುತ್ತದೆ. ಶೇ 2ರ ಮೇಲೆ ಹೋದರೆ ಕಟ್ಟಡದ ಪ್ರತಿ ಚಿತ್ರವನ್ನೂ ತಿದ್ದಲೇಬೇಕು. ಬಾಗು ಹೊರಮುಖದಿಂದ ಒಳಮುಖಕ್ಕೆ ತಿರುಗುವ ಫೋಕಲ್ ಲೆಂತ್ ಯಾವುದೆಂದು ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಒಂದೇ ಲೆನ್ಸಿಗೆ ಒಂದು ಕಡೆ ಶೇ 5 ಡಿಸ್ಟಾರ್ಷನ್ ಎಂದಿದೆ, ಇನ್ನೊಂದು ಕಡೆ ಶೇ 1.7 ಎಂದಿದೆ. ಯಾರನ್ನು ನಂಬುವುದು?
— ಶಿವಮೊಗ್ಗ

ಉತ್ತರ: ಇಬ್ಬರನ್ನೂ ನಂಬಬಹುದು, ಅಳತೆಗೋಲು ಬೇರೆ. ಒಂದು ವಿಧಾನದಲ್ಲಿ ಮೂಲೆಯ ಬಿಂದು ಇರಬೇಕಾದ ಜಾಗದಿಂದ ಎಷ್ಟು ಸರಿದಿದೆ ಎಂದು ಲೆಕ್ಕ ಹಾಕುತ್ತಾರೆ. ಇನ್ನೊಂದರಲ್ಲಿ, ನಾವು ಮೇಲೆ ಹೇಳಿದಂತೆ, ಉದ್ದನೆಯ ಅಂಚಿನ ಗೆರೆ ಎಷ್ಟು ಬಾಗಿದೆ ಎಂಬುದನ್ನು ಚಿತ್ರದ ಎತ್ತರಕ್ಕೆ ಹೋಲಿಸುತ್ತಾರೆ. ಇದಕ್ಕೆ ಟಿವಿ ಡಿಸ್ಟಾರ್ಷನ್ ಎನ್ನುತ್ತಾರೆ. ಸರಳ ಬ್ಯಾರಲ್ ಆದರೆ 3:2 ಚಿತ್ರದಲ್ಲಿ ಎರಡನೆಯದು ಮೊದಲನೆಯದರ ಸುಮಾರು ಮೂರನೇ ಒಂದು ಭಾಗ. ಮೂಲೆಯಲ್ಲಿ ಶೇ 5 ಇರುವುದು ಗೆರೆಯ ಬಾಗಿನಲ್ಲಿ ಶೇ 1.7 ಆಗುತ್ತದೆ. ಮೊಬೈಲ್ ಕ್ಯಾಮೆರಾ ಉದ್ಯಮದಲ್ಲಿ ಬಳಕೆಯಾಗುವ ಎಸ್‌ಎಂಐಎ ವಿಧಾನ ಮೇಲಿನ ಗೆರೆಯ ಬಾಗನ್ನೂ ಕೆಳಗಿನ ಗೆರೆಯ ಬಾಗನ್ನೂ ಕೂಡಿಸುವುದರಿಂದ ಅದೇ ಲೆನ್ಸಿಗೆ ಶೇ 3.5 ಎನ್ನುತ್ತದೆ. ಯಾವ ವಿಧಾನ ಎಂದು ಹೇಳದ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಬೇಡಿ.

ಪರೀಕ್ಷೆಯ ಕ್ಯಾಮೆರಾವೂ ಮುಖ್ಯ. ಶೇಕಡಾವಾರು ಬಾಗು ನಡುವಿನಿಂದ ದೂರದ ವರ್ಗದಂತೆ ಏರುತ್ತದೆ. ಫುಲ್ ಫ್ರೇಮ್ ಲೆನ್ಸನ್ನು 1.5 ಪಟ್ಟು ಕ್ರಾಪ್ ಇರುವ, ಅಂದರೆ ಸೆನ್ಸರ್ ಅಷ್ಟು ಚಿಕ್ಕದಿರುವ ಎಪಿಎಸ್-ಸಿ ಬಾಡಿಗೆ ಹಾಕಿದರೆ ಮೂಲೆಯ ಬಾಗು ಅರ್ಧಕ್ಕಿಂತ ಕಡಿಮೆ, ಸುಮಾರು ಶೇ 44ರಷ್ಟು ಮಾತ್ರ ಉಳಿಯುತ್ತದೆ. ಎಪಿಎಸ್-ಸಿಯಲ್ಲಿ ನೇರವಾಗಿದ್ದ 24-105 ಫುಲ್ ಫ್ರೇಮಿಗೆ ಬಂದ ಕೂಡಲೇ ಬಾಗಿತು ಎಂದು ಹಲವರು ಬರೆದಿದ್ದೀರಿ. ಕಾರಣ ಇದೇ.

ಪ್ರಶ್ನೆ: ಗೋಳಗುಮ್ಮಟವನ್ನು 24ರಲ್ಲಿ ತೆಗೆದಿದ್ದೇನೆ. ಲೈಟ್‌ರೂಮ್‌ನಲ್ಲಿ ಲೆನ್ಸ್ ಪ್ರೊಫೈಲ್ ಹಾಕಿದರೂ ಎರಡು ಬದಿಯ ಮಿನಾರುಗಳು ಒಳಕ್ಕೆ ವಾಲಿಕೊಂಡೇ ಇವೆ. ಹಳೇಬೀಡಿನ ಗೋಡೆಯ ಆನೆ ಸಾಲೂ ಅಂಕುಡೊಂಕಾಗಿದೆ. ಪ್ರೊಫೈಲ್ ಸರಿಯಿಲ್ಲವೇ?
— ವಿಜಯಪುರ

ಉತ್ತರ: ಪ್ರೊಫೈಲ್ ಎಂದರೆ ಆ ಲೆನ್ಸಿನ ಬಾಗನ್ನು ಅಳೆದು ಬರೆದಿಟ್ಟ ತಿದ್ದುಪಡಿ. ಅದು ತನ್ನ ಕೆಲಸ ಮಾಡಿದೆ, ಗೆರೆಗಳನ್ನು ನೇರ ಮಾಡಿದೆ. ವಾಲಿರುವುದು ನೇರ ಗೆರೆಯೇ. ಅದು ಲೆನ್ಸಿನ ದೋಷವಲ್ಲ, ಕ್ಯಾಮೆರಾ ಮೇಲಕ್ಕೆ ಮುಖಮಾಡಿದ್ದರ ಫಲ. ಅತ್ಯಂತ ನಿರ್ದೋಷವಾದ ಲೆನ್ಸ್ ಕೂಡ ಅದನ್ನು ಹಾಗೆಯೇ ತೋರಿಸುತ್ತದೆ.

ಕ್ಯಾಮೆರಾವನ್ನು ನೀರುಮಟ್ಟಕ್ಕೆ ಹಿಡಿದರೆ ಮಿನಾರು ನೇರ ನಿಲ್ಲುತ್ತವೆ, ಆದರೆ ಗುಮ್ಮಟದ ತಲೆ ಚೌಕಟ್ಟಿನ ಹೊರಗೆ ಹೋಗುತ್ತದೆ. ಹಿಂದಕ್ಕೆ ನಡೆಯಿರಿ. ಮುಂದಿನ ಹುಲ್ಲುಹಾಸು ಬೇಕಾದಷ್ಟು ಬಂದರೂ ಬರಲಿ, ಆಮೇಲೆ ಕತ್ತರಿಸಬಹುದು. ಹಿಂದೆ ಹೋದಂತೆ 35ರ ಸುತ್ತಲಿನ ನೇರ ಜಾಗವನ್ನೂ ಬಳಸಬಹುದು, ಬಾಗು ವಾಲು ಎರಡೂ ಒಟ್ಟಿಗೆ ಕಡಿಮೆಯಾಗುತ್ತವೆ. ಜಾಗವೇ ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ತಿದ್ದಿ. ಅಲ್ಲಿ ಕ್ರಮ ತಪ್ಪಬಾರದು. ಮೊದಲು ಲೆನ್ಸ್ ಪ್ರೊಫೈಲ್, ನಂತರ ವರ್ಟಿಕಲ್ ಅಥವಾ ಗೈಡೆಡ್ ಅಪ್‌ರೈಟ್, ಕೊನೆಗೆ ಕತ್ತರಿಸುವುದು. ವಾಲು ತಿದ್ದುವ ಸಲಕರಣೆ ಗೆರೆಗಳು ಆಗಲೇ ನೇರವಾಗಿವೆ ಎಂದು ನಂಬಿ ಕೆಲಸ ಮಾಡುತ್ತದೆ. ಪ್ರೊಫೈಲ್ ಚಿತ್ರದ ನಡುಬಿಂದುವನ್ನು ನಂಬುತ್ತದೆ. ಮೊದಲೇ ಕತ್ತರಿಸಿ ಉಳಿಸಿದ ಜೆಪೆಗ್‌ನಲ್ಲಿ ಆ ನಡುಬಿಂದು ಕಳೆದುಹೋಗಿರುತ್ತದೆ, ಒಂದು ಬದಿ ನೇರವಾದರೆ ಇನ್ನೊಂದು ಬದಿ ಬಾಗುತ್ತದೆ.

ವಾಲನ್ನು ಪೂರ್ತಿ ತೆಗೆದರೆ ಎತ್ತರದ ಕಟ್ಟಡದ ತಲೆ ದಪ್ಪವಾಗಿ ಮುಂದಕ್ಕೆ ಬೀಳುವಂತೆ ಕಾಣುತ್ತದೆ. ನಾಲ್ಕು ಮೂಲೆಗಳಲ್ಲೂ ಏಳು ಅಂತಸ್ತಿನ ಅಷ್ಟಕೋನದ ಮಿನಾರುಗಳಿರುವ ಗೋಳಗುಮ್ಮಟದಲ್ಲಿ ಇದು ತೀರಾ ಎದ್ದು ಕಾಣುತ್ತದೆ, ಯಾಕೆಂದರೆ ಅಂತಸ್ತುಗಳ ಅಳತೆಯನ್ನು ಕಣ್ಣು ಒಂದಕ್ಕೊಂದು ಹೋಲಿಸುತ್ತದೆ. ಹತ್ತರಲ್ಲಿ ಒಂದೆರಡು ಪಾಲು ವಾಲು ಉಳಿಸಿಕೊಳ್ಳಿ.

ಹಳೇಬೀಡಿನ ಕಥೆ ಬೇರೆ. ಹೊಯ್ಸಳೇಶ್ವರದ ಗೋಡೆ ಒಂದೇ ಸಮತಲದಲ್ಲಿಲ್ಲ, ನಕ್ಷತ್ರದ ಕೋನಗಳಂತೆ ಹೊರಗೆ ಒಳಗೆ ಮುರಿದುಕೊಂಡು ಸಾಗುತ್ತದೆ. ಹತ್ತಿರ ಬಂದ ಮೂಲೆಯಲ್ಲಿ ಆನೆಪಟ್ಟಿ ಕೆಳಕ್ಕೂ ದೂರ ಸರಿದಲ್ಲಿ ಮೇಲಕ್ಕೂ ಹೋಗುವುದು ಸಹಜ. ಕ್ಯಾಮೆರಾದ ಎತ್ತರದಲ್ಲಿರುವ ಪಟ್ಟಿ ಮಾತ್ರ ಸಪಾಟಾಗಿ ಕಾಣುತ್ತದೆ. ಆನೆಪಟ್ಟಿ ಎಲ್ಲಕ್ಕಿಂತ ಕೆಳಗಿನದು, ಆದ್ದರಿಂದ ಟ್ರೈಪಾಡನ್ನು ಪೂರ್ತಿ ಇಳಿಸಿ ಅದರ ಮಟ್ಟಕ್ಕೇ ತನ್ನಿ. ಜಗತಿಯ (ಗುಡಿ ನಿಂತಿರುವ ಕಟ್ಟೆಯ) ಮೇಲೆ ನಿಂತರೆ ಹಿಂದೆ ಸರಿಯಲು ಜಾಗ ಕಡಿಮೆ, 18ಕ್ಕೇ ಹೋಗಬೇಕಾಗುತ್ತದೆ. ಕೆಳಗಿಳಿದು ಅಂಗಳದಿಂದ 30ರ ಸುತ್ತ ತೆಗೆದರೆ ಪಟ್ಟಿಗಳು ಎಷ್ಟೋ ಪ್ರಾಮಾಣಿಕವಾಗಿ ಬರುತ್ತವೆ.

ಪ್ರಶ್ನೆ: ಮದುವೆಯ ಗ್ರೂಪ್ ಫೋಟೋದಲ್ಲಿ ಎರಡು ತುದಿಯವರು ದಪ್ಪಗೆ, ಅಗಲ ಮುಖದವರಾಗಿ ಬರುತ್ತಾರೆ. ಪ್ರೊಫೈಲ್ ಹಾಕಿದರೆ ಇನ್ನೂ ದಪ್ಪಗಾಗುತ್ತಾರೆ! ಫುಲ್ ಫ್ರೇಮ್, 24-70 ಲೆನ್ಸ್.
— ತುಮಕೂರಿನ ಮದುವೆ ಫೋಟೋಗ್ರಾಫರ್

ಉತ್ತರ: ನೀವು ಕಂಡದ್ದು ನೂರಕ್ಕೆ ನೂರು ಸರಿ. ನೇರ ಗೆರೆಯನ್ನು ನೇರವಾಗಿಯೇ ತೋರಿಸುವ ಅಗಲದ ಲೆನ್ಸ್, ಅಂಚಿನಲ್ಲಿರುವ ದುಂಡನೆಯ ವಸ್ತುವನ್ನು ಹಿಗ್ಗಿಸಲೇಬೇಕು. ಇದು ಜ್ಯಾಮಿತಿ, ತಪ್ಪಿಸಲಾಗದು. ಫುಲ್ ಫ್ರೇಮ್‌ನಲ್ಲಿ 24 ಮಿ.ಮೀ.ಗೆ ಎಡ ಬಲ ಅಂಚಿನ ತಲೆ ಎತ್ತರಕ್ಕೆ ಹೋಲಿಸಿದರೆ ಶೇ 25ರಷ್ಟು ಅಗಲವಾಗುತ್ತದೆ, ಮೂಲೆಯಲ್ಲಿ ಶೇ 35ರಷ್ಟು ಎಳೆದುಕೊಳ್ಳುತ್ತದೆ. 35ರಲ್ಲಿ ಅಂಚಿನ ಹಿಗ್ಗು ಶೇ 12, 50ರಲ್ಲಿ ಶೇ 6. ಎಪಿಎಸ್-ಸಿಯಲ್ಲಿ 18ಕ್ಕೆ ಶೇ 19.

ಬ್ಯಾರಲ್ ಇದಕ್ಕೆ ತದ್ವಿರುದ್ಧ, ಅಂಚನ್ನು ಒಳಕ್ಕೆ ಒತ್ತುತ್ತದೆ. ಮೂಲೆಯಲ್ಲಿ ಶೇ 5 ಬ್ಯಾರಲ್ ಇರುವ ಲೆನ್ಸ್ 24ರಲ್ಲಿ ಆ ಶೇ 25 ಹಿಗ್ಗನ್ನು ಸುಮಾರು ಶೇ 16ಕ್ಕೆ ಇಳಿಸುತ್ತದೆ. ಪ್ರೊಫೈಲ್ ಹಾಕಿದ ಕೂಡಲೇ ಈ ಲಾಭ ಹೋಗಿ ಹಿಗ್ಗು ಮತ್ತೆ ಪೂರ್ತಿ ಬರುತ್ತದೆ. ಆದ್ದರಿಂದ ಹಿಂದೆ ಬರೀ ಪರದೆ ಅಥವಾ ಗಿಡಮರ ಇದ್ದರೆ ಪ್ರೊಫೈಲಿನ ಡಿಸ್ಟಾರ್ಷನ್ ಸ್ಲೈಡರ್ ಅನ್ನು 100ರಿಂದ ಸೊನ್ನೆಗೆ ಇಳಿಸಿ. ಜನರಿಗೆ ಅದೇ ಒಳ್ಳೆಯದು. ಹಿಂದೆ ಮಂಟಪದ ಕಂಬಗಳಿದ್ದರೆ ಸ್ಲೈಡರನ್ನು 40-50ರಲ್ಲಿ ನಿಲ್ಲಿಸಿ, ಕಂಬದ ಅಲ್ಪ ಬಾಗನ್ನು ಯಾರೂ ಕೇಳುವುದಿಲ್ಲ, ಅತ್ತೆಯವರ ಮುಖ ಅಗಲವಾದರೆ ಆಲ್ಬಮ್ ಕೊಡುವ ದಿನವೇ ಕೇಳುತ್ತಾರೆ. ಡಿಎಕ್ಸ್ಒ ವ್ಯೂಪಾಯಿಂಟ್‌ನಂಥ ತಂತ್ರಾಂಶದಲ್ಲಿ ಅಂಚಿನ ದೇಹಗಳ ಹಿಗ್ಗನ್ನೇ ತಿದ್ದುವ ಪ್ರತ್ಯೇಕ ಸಲಕರಣೆಯಿದೆ. ಅದು ಗೆರೆಗಳನ್ನು ಬಾಗಿಸಿಯೇ ಹಾಗೆ ಮಾಡುತ್ತದೆ, ಎರಡೂ ಒಟ್ಟಿಗೆ ಸಿಗುವುದಿಲ್ಲ.

ಎಲ್ಲಕ್ಕಿಂತ ಒಳ್ಳೆಯ ಮದ್ದು ದೂರ. ಸಾಲಿನ ಅಗಲ 6 ಮೀಟರ್, ಆಚೀಚೆ ಒಂದೊಂದು ಮೀಟರ್ ಬಿಟ್ಟು ಚೌಕಟ್ಟು 8 ಮೀಟರ್ ಎಂದುಕೊಳ್ಳಿ. 24ಕ್ಕೆ 5.3 ಮೀಟರ್ ದೂರ ಸಾಕು, 35ಕ್ಕೆ 7.8 ಮೀಟರ್ ಬೇಕು. ಛತ್ರದಲ್ಲಿ ಮುಂದಿನ ಎರಡು ಮೂರು ಸಾಲು ಕುರ್ಚಿ ತೆಗೆಸಿದರೆ ಆ ಎರಡೂವರೆ ಮೀಟರ್ ಸಿಕ್ಕೇ ಸಿಗುತ್ತದೆ. ಸಾಲನ್ನು ಅರ್ಧಚಂದ್ರದಂತೆ ಕೂಡಿಸಿ ತುದಿಯವರನ್ನು ಮುಂದಕ್ಕೆ ಕರೆಯುವ ಪದ್ಧತಿ ಬೇಡ. ತುದಿಯವರು ಕ್ಯಾಮೆರಾಕ್ಕೆ ಹತ್ತಿರವಾಗಿ ಇನ್ನೂ ದೊಡ್ಡದಾಗುತ್ತಾರೆ. ನೇರ ಸಾಲು, ಸೆನ್ಸರ್‌ಗೆ ಸಮಾಂತರ. ಮೈಕಟ್ಟು ದೊಡ್ಡದಿರುವವರಿಗೆ ನಡುವೆ ಜಾಗ ಕೊಡಿ.

ಪ್ರಶ್ನೆ: ಮಿರರ್‌ಲೆಸ್ ಕ್ಯಾಮೆರಾದ 24-105ರ ರಾ ಫೈಲನ್ನು ತಿದ್ದುಪಡಿ ಆಫ್ ಮಾಡಿ ತೆರೆದೆ. ವಿಪರೀತ ಉಬ್ಬಿದೆ, ಮೂಲೆಗಳು ಕಪ್ಪಾಗಿವೆ. ಜೆಪೆಗ್ ಮಾತ್ರ ಚೆನ್ನಾಗಿದೆ. ಇದು ಮೋಸವಲ್ಲವೇ?
— ದುಬೈಯಿಂದ ಕನ್ನಡಿಗರೊಬ್ಬರು

ಉತ್ತರ: ಮೋಸವಲ್ಲ, ವಿನ್ಯಾಸವೇ ಹಾಗೆ. ಡಿಸ್ಟಾರ್ಷನ್ ಬಿಂದುಗಳನ್ನು ಸರಿಸುತ್ತದೆಯಷ್ಟೇ, ಅಳಿಸುವುದಿಲ್ಲ. ಆದ್ದರಿಂದ ಕಂಪ್ಯೂಟರ್ ಅವುಗಳನ್ನು ಸ್ವಸ್ಥಾನಕ್ಕೆ ತರಬಲ್ಲದು. ಮಸುಕಾದದ್ದನ್ನು ಹಾಗೆ ಮರಳಿ ತರಲಾಗದು. ವಿನ್ಯಾಸಕಾರರು ಬಾಗನ್ನು ತಂತ್ರಾಂಶಕ್ಕೆ ಬಿಟ್ಟು, ಗಾಜುಗಳನ್ನು ಮಸುಕಿನ ದೋಷಗಳ ವಿರುದ್ಧ ಬಳಸುತ್ತಾರೆ. ಲೆನ್ಸ್ ಚಿಕ್ಕದೂ ಹಗುರವೂ ಅಗ್ಗವೂ ಆಗುತ್ತದೆ. ಒಲಿಂಪಸ್ ಮತ್ತು ಪ್ಯಾನಸೋನಿಕ್ 2008ರಲ್ಲಿ ತಂದ ಮೈಕ್ರೋ ಫೋರ್ ಥರ್ಡ್ಸ್ ವ್ಯವಸ್ಥೆಯಲ್ಲಿ ತಿದ್ದುಪಡಿಯ ಅಂಕಿಗಳು ರಾ ಫೈಲಿನೊಳಗೇ ಕೂತಿರುತ್ತವೆ. ಡಿಎನ್‌ಜಿ ಎಂಬ ರಾ ಫೈಲ್ ಮಾದರಿಯ 2009ರ 1.3 ಆವೃತ್ತಿಯಲ್ಲಿ ಇದಕ್ಕೆಂದೇ ಜಾಗ ಮಾಡಲಾಯಿತು. ಕ್ಯಾನನ್‌ನ ಆರ್‌ಎಫ್ 24-105 ಎಫ್ 4-7.1 ಲೆನ್ಸ್ 24ರಲ್ಲಿ ತಿದ್ದದಿದ್ದರೆ ಮೂಲೆಗಳನ್ನೇ ತುಂಬುವುದಿಲ್ಲ. ನೀವು ಕಂಡ ಕಪ್ಪು ಅಂಥದ್ದೇ. ಉಬ್ಬಿದ ಚಿತ್ರವನ್ನು ನೇರ ಮಾಡುವಾಗ ಮೂಲೆಗಳು ಹೊರಕ್ಕೆ ಹೋಗಿ ಕತ್ತರಿಸಿಹೋಗುತ್ತವೆ, ಉಳಿಯುವ ಚಿತ್ರ ಲೆನ್ಸಿನ ಮೇಲೆ ಬರೆದ 24ಕ್ಕೆ ಸರಿಹೊಂದುತ್ತದೆ. ಮಿರರ್‌ಲೆಸ್‌ನ ವ್ಯೂಫೈಂಡರ್ ತೋರಿಸುವುದೂ ತಿದ್ದಿದ ಚಿತ್ರವನ್ನೇ.

ಬೆಲೆ ತೆರಬೇಕಾದದ್ದು ಮೂಲೆಯ ಸ್ಪಷ್ಟತೆಯಲ್ಲಿ. ಮೂಲೆಯಲ್ಲಿ ಶೇ 5 ಬ್ಯಾರಲ್ ಇದ್ದರೆ ಅಲ್ಲಿನ ವಿವರ ನಡುವಿನಿಂದ ಹೊರಮುಖವಾಗಿ ಅದರ ಮೂರು ಪಟ್ಟು, ಅಂದರೆ ಶೇ 15 ಕುಗ್ಗಿರುತ್ತದೆ. ತಿದ್ದುವಾಗ ಅದನ್ನು ಸುಮಾರು ಶೇ 18ರಷ್ಟು ಎಳೆಯಬೇಕು. ಇಲ್ಲದ ಪಿಕ್ಸೆಲ್‌ಗಳನ್ನು ಅಕ್ಕಪಕ್ಕದಿಂದ ಊಹಿಸಿ ತುಂಬುವುದೆಂದರೆ ಇದೇ. ಮೂಲೆಯ ಕತ್ತಲೆಯನ್ನೂ ಎತ್ತುವುದರಿಂದ ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಅಲ್ಲೇ ಹೆಚ್ಚು. ಹಾಗಾಗಿ ಇಂಥ ಲೆನ್ಸನ್ನು ತಿದ್ದುವ ಮುಂಚಿನ ಉಬ್ಬಿನಿಂದ ಅಳೆಯಬೇಡಿ. ತಿದ್ದಿದ ಮೇಲೆ ಮೂಲೆಯ ಎಲೆ, ಅಕ್ಷರ ಓದಲು ಬರುತ್ತದೆಯೇ ನೋಡಿ, ಅದರಿಂದ ಅಳೆಯಿರಿ.

ಪ್ರಶ್ನೆ: ಯುವಿ ಫಿಲ್ಟರ್ ಹಾಕಿದರೆ ಬಾಗು ಹೆಚ್ಚುತ್ತದೆಯೇ?
— ದಾವಣಗೆರೆ

ಉತ್ತರ: ಇಲ್ಲ. ದೂರದ ವಸ್ತುವಿನಿಂದ ಬರುವ ಬೆಳಕು ಸಪಾಟು ಗಾಜಿನಲ್ಲಿ ಹಾದರೂ ಅದೇ ಕೋನದಲ್ಲಿ ಹೊರಬರುತ್ತದೆ. ಲೆನ್ಸಿನ ಮುಂದೆ ತಿರುಪಿ ಹಾಕುವ ವೈಡ್ ಕನ್ವರ್ಟರ್, ಕ್ಲೋಸ್-ಅಪ್ ಗಾಜುಗಳು ಮಾತ್ರ ಬಾಗನ್ನು ಬದಲಿಸುತ್ತವೆ.

ಪ್ರಶ್ನೆ: ಮಲ್ಪೆಯ ಸಮುದ್ರದ ದಿಗಂತ ಬಿಲ್ಲಿನಂತಲ್ಲ, ಅಲೆಯಂತೆ ಬರುತ್ತದೆ. ನಡುವೆ ಉಬ್ಬು, ತುದಿಗಳಲ್ಲಿ ಮತ್ತೆ ಮೇಲಕ್ಕೆ. ಸ್ಲೈಡರ್ ಎಳೆದರೆ ಒಂದು ಸರಿಯಾಗುತ್ತದೆ, ಇನ್ನೊಂದು ಕೆಡುತ್ತದೆ.
— ಉಡುಪಿ

ಉತ್ತರ: ಇದನ್ನು ಮೀಸೆ ಆಕಾರದ ಡಿಸ್ಟಾರ್ಷನ್ ಎನ್ನುತ್ತಾರೆ. ನಡುಭಾಗದಲ್ಲಿ ಬ್ಯಾರಲ್, ಮೂಲೆ ಹತ್ತಿರವಾದಂತೆ ಪಿನ್‌ಕುಷನ್. ವಿನ್ಯಾಸಕಾರರು ಬ್ಯಾರಲ್ಲನ್ನು ಗಾಜಿನಿಂದಲೇ ತಗ್ಗಿಸಲು ಹೊರಟಾಗ ಅಂಚಿನಲ್ಲಿ ತಿದ್ದುಪಡಿ ಹೆಚ್ಚಾಗಿಬಿಡುತ್ತದೆ. ಕೈಯಿಂದ ಎಳೆಯುವ ಸ್ಲೈಡರ್‌ಗೆ ಒಂದೇ ಬಗೆಯ ಬಾಗು ಗೊತ್ತು, ಇಲ್ಲಿ ವಿರುದ್ಧ ಚಿಹ್ನೆಯ ಎರಡು ಬಾಗುಗಳು ಸೇರಿವೆ. ನಿಮ್ಮ ಲೆನ್ಸಿನ ಪ್ರೊಫೈಲೇ ಬೇಕು. ಫೈಲಿನಲ್ಲಿ ಲೆನ್ಸಿನ ಹೆಸರು ದಾಖಲಾಗದ ಹಳೆಯ ಲೆನ್ಸ್ ಆದರೆ ಪಟ್ಟಿಯಿಂದ ನೀವೇ ಆರಿಸಿ. ಪ್ರೊಫೈಲ್ ಇಲ್ಲದಿದ್ದರೆ ಉಚಿತ ತಂತ್ರಾಂಶ ಹುಗಿನ್‌ನಲ್ಲಿ ಎ, ಬಿ, ಸಿ ಎಂಬ ಮೂರು ಅಂಕಿಗಳಿಂದ ಇಂಥ ಬಾಗನ್ನು ಹಿಡಿಯಬಹುದು. ಮೇಲೆ ಹೇಳಿದ ದಾರದ ಚಿತ್ರವೇ ಅದಕ್ಕೂ ಸಾಕು.

ತೆಗೆಯುವಾಗಲೇ ತಪ್ಪಿಸುವ ದಾರಿಯೂ ಉಂಟು. ಬಾಗು ನಡುಬಿಂದುವಿನಿಂದ ಹೊರಮುಖವಾಗಿ ಕೆಲಸ ಮಾಡುವುದರಿಂದ, ನಡುಬಿಂದುವಿನ ಮೇಲೇ ಹಾಯುವ ಗೆರೆ ಎಂದೂ ಬಾಗುವುದಿಲ್ಲ. ದಿಗಂತವನ್ನು ಚೌಕಟ್ಟಿನ ಸರಿಮಧ್ಯದಲ್ಲಿಟ್ಟು ತೆಗೆಯಿರಿ. 6000×4000 ಚಿತ್ರದಲ್ಲಿ ಮೇಲಿನ 1000 ಪಿಕ್ಸೆಲ್ ಕತ್ತರಿಸಿದರೆ 6000×3000 ಉಳಿಯುತ್ತದೆ, ದಿಗಂತ ಮೇಲಿನ ಮೂರನೇ ಒಂದರಲ್ಲಿ ಕೂರುತ್ತದೆ.

ಪ್ರಶ್ನೆ: ಮನೆತನದ ಹಳೆಯ ಕಾಗದಪತ್ರ, ತಾಳೆಗರಿಗಳನ್ನು 18-55ರಲ್ಲೇ ಚಿತ್ರ ತೆಗೆದಿಡಬಹುದೇ? ಇನ್ನೊಂದು, ವೀರಗಲ್ಲಿನ ಮೂರು ಆಯಾಮದ ಮಾದರಿ ಮಾಡಬೇಕು. ಚಿತ್ರಗಳನ್ನು ಮೊದಲು ತಿದ್ದಿಕೊಳ್ಳಬೇಕೇ?
— ಧಾರವಾಡದ ಇತಿಹಾಸ ವಿದ್ಯಾರ್ಥಿನಿ

ಉತ್ತರ: ಕಾಗದಕ್ಕೆ 18-55 ಸಾಕಾಗುತ್ತದೆ, 18ರಲ್ಲಿ ಮಾತ್ರ ತೆಗೆಯಬೇಡಿ. ಮ್ಯಾಕ್ರೋ ಲೆನ್ಸ್ ಸಿಕ್ಕರೆ ಅದೇ ಉತ್ತಮ, ಬಾಗು ಇಲ್ಲವೆನ್ನುವಷ್ಟು ಕಡಿಮೆ. 35ರಲ್ಲಿ ಎ4 ಹಾಳೆಯನ್ನು ಸುತ್ತ ಒಂದಿಷ್ಟು ಜಾಗ ಬಿಟ್ಟು ಹಿಡಿಯಲು ಕ್ಯಾಮೆರಾ ಸುಮಾರು ಅರ್ಧ ಮೀಟರ್ ಮೇಲಿರಬೇಕು. ಇಲ್ಲಿ ಸಮಾಂತರ ಬೇಕೇ ಬೇಕು. ಹಾಳೆ ಇಡುವ ಜಾಗದ ನಡುವೆ ಚಿಕ್ಕ ಸಪಾಟು ಕನ್ನಡಿ ಇಟ್ಟು, ಅದರಲ್ಲಿ ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ಸರಿಮಧ್ಯಕ್ಕೆ ಬರುವವರೆಗೆ ಟ್ರೈಪಾಡ್ ತಲೆ ಹೊಂದಿಸಿ. ನಂತರ ಕನ್ನಡಿ ತೆಗೆದು ಹಾಳೆ ಇಡಿ. ಎಫ್ 8, ಎರಡು ಬದಿಯಿಂದ 45 ಡಿಗ್ರಿಯಲ್ಲಿ ಬೆಳಕು, ಪಕ್ಕದಲ್ಲಿ ಸ್ಟೀಲ್ ಸ್ಕೇಲ್. ಸ್ಕೇಲನ್ನು ಹಾಳೆಯ ಉದ್ದನೆಯ ಬದಿಗೆ ಇಟ್ಟರೆ ಅಳತೆಯೂ ಆಯಿತು, ಬಾಗಿನ ತಪಾಸಣೆಯೂ ಆಯಿತು.

ವೀರಗಲ್ಲಿನ ಮಾದರಿಗೆ ತಿದ್ದಬೇಡಿ. ಚಿತ್ರಗಳಿಂದ ಮಾದರಿ ಕಟ್ಟುವ ಮೆಟಾಶೇಪ್‌ನಂಥ ತಂತ್ರಾಂಶ, ಮೇಲೆ ಹೇಳಿದ ಬ್ರೌನ್ ಅವರ ಸಮೀಕರಣದಿಂದಲೇ ಲೆನ್ಸಿನ ಬಾಗನ್ನು ಚಿತ್ರಗಳೊಳಗಿಂದ ಲೆಕ್ಕ ಹಾಕಿಕೊಳ್ಳುತ್ತದೆ. ನೀವು ಮೊದಲೇ ನೇರ ಮಾಡಿ, ಕತ್ತರಿಸಿ ಕೊಟ್ಟರೆ ಆ ಲೆಕ್ಕ ಹಳಿ ತಪ್ಪುತ್ತದೆ. ಕ್ಯಾಮೆರಾದೊಳಗಿನ ತಿದ್ದುಪಡಿ ಆಫ್ ಮಾಡಿ. ಅದು ಆಫ್ ಆಗದ ಲೆನ್ಸನ್ನು ಈ ಕೆಲಸಕ್ಕೆ ತರಬೇಡಿ. ಜೂಮ್ ರಿಂಗನ್ನು ಒಂದು ಅಂಕಿಯಲ್ಲಿ ನಿಲ್ಲಿಸಿ ಟೇಪ್ ಸುತ್ತಿ, ಕೊನೆಯ ಚಿತ್ರದವರೆಗೂ ಬಿಚ್ಚಬೇಡಿ. ಫೋಕಸ್ ಮ್ಯಾನ್ಯುಯಲ್. ಇಲ್ಲಿ ಬಾಗು ಎಷ್ಟಿದೆ ಎನ್ನುವುದಕ್ಕಿಂತ, ಎಲ್ಲ ಚಿತ್ರಗಳಲ್ಲೂ ಒಂದೇ ಥರ ಇದೆಯೇ ಎನ್ನುವುದು ಮುಖ್ಯ. ಜೂಮ್ ಒಂದು ಕೂದಲೆಳೆ ಸರಿದರೂ ಒಂದು ಲೆನ್ಸಲ್ಲ, ಎರಡು ಲೆನ್ಸಿನ ಲೆಕ್ಕವಾಗುತ್ತದೆ.

ಪ್ರಶ್ನೆ: ಲೆನ್ಸ್ ಕೈಜಾರಿ ಬಿದ್ದ ಮೇಲೆ ಎಡಬದಿ ಮಾತ್ರ ಬಾಗಿದಂತೆ ಕಾಣುತ್ತಿದೆ.
— ಕಲಬುರಗಿ

ಉತ್ತರ: ಬಿದ್ದ ಲೆನ್ಸಿನಲ್ಲಿ ಗಾಜಿನ ಗುಂಪು ಓರೆಯಾದರೆ ಬಾಗಿಗಿಂತ ಮೊದಲು ಒಂದು ಬದಿಯ ಮಸುಕು ಕಾಣುತ್ತದೆ. ದೂರದ ಮರದ ಸಾಲನ್ನು ಜೂಮಿನ ಎರಡು ತುದಿಗಳಲ್ಲೂ ದೊಡ್ಡ ಅಪರ್ಚರ್‌ನಲ್ಲಿ ತೆಗೆಯಿರಿ. ಕ್ಯಾಮೆರಾ ತಲೆಕೆಳಗು ಮಾಡಿ ಅದೇ ಸಾಲನ್ನು ಮತ್ತೆ ತೆಗೆಯಿರಿ. ಈಗ ಮಸುಕು ಮರಗಳ ಇನ್ನೊಂದು ಕೊನೆಗೆ ಹೋದರೆ ದೋಷ ಲೆನ್ಸಿನದು, ಸರ್ವೀಸಿಗೆ ಕೊಡಿ. ಮಸುಕು ಎಲ್ಲೂ ಇಲ್ಲದೆ ಗೆರೆ ಮಾತ್ರ ಓರೆ ಕಂಡರೆ ಕ್ಯಾಮೆರಾ ಗೋಡೆಗೆ ಓರೆಯಾಗಿತ್ತು ಎಂದಷ್ಟೇ ಅರ್ಥ.

ಪ್ರಶ್ನೆ: ಮನೆಯ ಒಳಾಂಗಣ ತೆಗೆಯುವ ಕೆಲಸ ಶುರು ಮಾಡಿದ್ದೇನೆ. 24ಕ್ಕಿಂತ ಅಗಲ ಬೇಕಿಲ್ಲ. 24-70 ಸಾಕೋ, 16-35 ಕೊಳ್ಳಲೋ?
— ಬೆಂಗಳೂರು

ಉತ್ತರ: 24ನ್ನೇ ಹೆಚ್ಚು ಬಳಸುವುದಾದರೆ 16-35 ನೋಡಿ. 24-70ಕ್ಕೆ 24 ಎಂದರೆ ಅಗಲದ ಕೊನೆ, ಬ್ಯಾರಲ್ ಅತಿ ಹೆಚ್ಚಿರುವ ಜಾಗ. 16-35ಕ್ಕೆ ಅದೇ 24 ನಡುದಾರಿ, ಸಾಮಾನ್ಯವಾಗಿ ಬಾಗು ತುಂಬಾ ಕಡಿಮೆ ಇರುವ ಜಾಗ. ತಿದ್ದುವಾಗ ಎಳೆಯುವುದು ಕಡಿಮೆಯಾಗಿ ಮೂಲೆಯ ಕಿಟಕಿ ಸರಳು, ಪರದೆಯ ನೇಯ್ಗೆ ಉಳಿದುಕೊಳ್ಳುತ್ತವೆ. ಕೊಳ್ಳುವ ಮುಂಚೆ ಒಂದು ದಿನ ಬಾಡಿಗೆಗೆ ತಂದು ಎರಡನ್ನೂ 24ರಲ್ಲೂ 28ರಲ್ಲೂ ತೂಗುಗುಂಡಿನ ದಾರಕ್ಕೆ ಹಿಡಿದು ನೋಡಿ. 24-70 ನಿಮ್ಮಲ್ಲಿ ಈಗಾಗಲೇ ಇದ್ದು 28ರಲ್ಲಿ ಬಾಗು ಶೇ 0.5ರೊಳಗೆ ಬಂದರೆ, ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಒಂದು ಹೆಜ್ಜೆ ಹಿಂದೆ ನಿಂತು 28ರಲ್ಲೇ ತೆಗೆಯಿರಿ, ಹೊಸ ಲೆನ್ಸಿನ ದುಡ್ಡು ಒಳ್ಳೆಯ ಟ್ರೈಪಾಡಿಗೆ ಆದೀತು.